ಸೆಲೆಕ್ಟರ್ ಸ್ವಿಚ್ ಪರೀಕ್ಷೆ: ಮೊದಲು 15 ಮಿಲಿವೋಲ್ಟ್, ಆಮೇಲೆ ಉಳಿದದ್ದು

ನಮ್ಮ ಮನೆಯ ಹಳೆಯ ಆಂಪ್ಲಿಫೈಯರ್‌ನಲ್ಲಿ ಟ್ಯೂನರ್‌ಗೆ (ರೇಡಿಯೋಗೆ) ತಿರುಗಿಸಿದರೆ ಎಡಗಡೆಯ ಸದ್ದು ಸೊರಗಿ ಬರುತ್ತಿತ್ತು. ನಾಬ್ ಅತ್ತಿತ್ತ ಆಡಿಸಿದರೆ ಸರಿಹೋಗುತ್ತಿತ್ತು. ಸ್ವಲ್ಪ ದಿನ ಬಿಟ್ಟರೆ ಮತ್ತೆ ಅದೇ ಕಥೆ. ಕೇಬಲ್‌ಗಳನ್ನು ಎಡಬಲ ಬದಲಿಸಿದರೂ ತೊಂದರೆ ಎಡಗಡೆಯಲ್ಲೇ ಉಳಿಯಿತು. ಅನುಮಾನ ಸೆಲೆಕ್ಟರ್ ಸ್ವಿಚ್ ಮೇಲೆ ಹೋಯಿತು, ಅಂದರೆ ಟ್ಯೂನರ್, ಟೇಪ್ ಅಂತ ಆರಿಸಲು ನಾಬ್‌ನಿಂದ ತಿರುಗಿಸುವ ರೋಟರಿ ಸ್ವಿಚ್ ಮೇಲೆ.

ಇಂಥ ಸ್ವಿಚ್‌ಗೆ ಮಲ್ಟಿಮೀಟರ್ ಇಟ್ಟರೆ ಸಂಪರ್ಕ ಇದೆ ಅಂತ ಬೀಪ್ ಬರುತ್ತದೆ. ಅದನ್ನು ನಂಬಬಾರದು. ಹಳೆಯ ಸ್ವಿಚ್‌ಗಳ ಕಾಂಟ್ಯಾಕ್ಟ್ (ಒಂದಕ್ಕೊಂದು ತಾಗುವ ಲೋಹದ ತುಣುಕು) ಹೆಚ್ಚಾಗಿ ಬೆಳ್ಳಿ ಲೇಪನದ್ದು. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಅದರ ಮೇಲೆ ಸಿಲ್ವರ್ ಸಲ್ಫೈಡ್‌ನ ಕಪ್ಪು ಪೊರೆ ಕಟ್ಟುತ್ತದೆ. ಪವರ್ ಸ್ವಿಚ್ ಆದರೆ ಕರೆಂಟೇ ಆ ಪೊರೆಯನ್ನು ಸುಟ್ಟು ತೆಗೆಯುತ್ತದೆ. ಇಲ್ಲಿ ಹಾಗಲ್ಲ. ಆಂಪ್ಲಿಫೈಯರ್ ಇನ್‌ಪುಟ್ 47 ಕಿಲೋಓಮ್ ಇದ್ದು, ಮೆಲುವಾದ ಸಂಗೀತದ ಸಿಗ್ನಲ್ 20 ಮಿಲಿವೋಲ್ಟ್ ಅಂದುಕೊಳ್ಳಿ. ಹರಿಯುವ ಕರೆಂಟ್ ಅರ್ಧ ಮೈಕ್ರೋಆಂಪ್ ಕೂಡ ಇಲ್ಲ. ಪೊರೆ ಇದ್ದಲ್ಲೇ ಇರುತ್ತದೆ. ಮೀಟರ್‌ನ ಓಮ್ ರೇಂಜ್ (ರೆಸಿಸ್ಟೆನ್ಸ್ ಅಳೆಯುವ ಜಾಗ) ಅದಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಕೊಟ್ಟು ಪೊರೆಯನ್ನು ತೂತು ಮಾಡಿ, ಎಲ್ಲ ಚೆನ್ನಾಗಿದೆ ಅಂತ ತೋರಿಸಿಬಿಡಬಹುದು. ಸಾಲದ್ದಕ್ಕೆ ಪ್ರೋಬ್ ವೈರ್‌ಗಳದ್ದೇ 0.2 ಓಮ್‌ನಷ್ಟು ಸೇರಿಕೊಳ್ಳುತ್ತದೆ.

ಅದಕ್ಕೇ ನಾನು ಕಡಿಮೆ ವೋಲ್ಟೇಜ್‌ನಿಂದ ಶುರು ಮಾಡುತ್ತೇನೆ. ಪ್ಲಗ್ ತೆಗೆದು, ಕೆಪಾಸಿಟರ್‌ಗಳು ಖಾಲಿಯಾದ ಮೇಲೆ ಮುಚ್ಚಳ ಬಿಚ್ಚಿದೆ. ಇನ್‌ಪುಟ್ ಕೇಬಲ್‌ಗಳನ್ನೂ ಕಳಚಿದೆ. 1.5 ವೋಲ್ಟ್ ಸೆಲ್‌ಗೆ 1 ಕಿಲೋಓಮ್ ಮತ್ತು 10 ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಹಾಕಿದರೆ, 10 ಓಮ್‌ನ ಎರಡು ತುದಿಯಲ್ಲಿ ಸುಮಾರು 15 ಮಿಲಿವೋಲ್ಟ್ ಸಿಗುತ್ತದೆ. ಅದನ್ನು ಸ್ವಿಚ್‌ನ ಎರಡು ಕಾಲುಗಳಿಗೆ ಕೊಟ್ಟು, ಅದೇ ಕಾಲುಗಳ ಮೇಲೆ ಮೀಟರ್ ಅನ್ನು ಮಿಲಿವೋಲ್ಟ್‌ನಲ್ಲಿ ಇಡಬೇಕು. ಕಾಂಟ್ಯಾಕ್ಟ್ ಚೆನ್ನಾಗಿದ್ದರೆ ಹತ್ತಿರ ಹತ್ತಿರ ಸೊನ್ನೆ. 1 ಓಮ್ ಇದ್ದರೆ 1.4 ಮಿಲಿವೋಲ್ಟ್. 10 ಓಮ್ ಇದ್ದರೆ ಅರ್ಧ. ಬಲಗಡೆ ಸೊನ್ನೆ ಬಂತು. ಎಡಗಡೆ ಟ್ಯೂನರ್ ಜಾಗದಲ್ಲಿ ಪೂರ್ತಿ 15 ಹಾಗೇ ನಿಂತಿತು. ಸ್ವಿಚ್ ಮುಚ್ಚಿಯೇ ಇಲ್ಲವೇನೋ ಅನ್ನುವಂತೆ!

ಇದು ಮುಗಿದ ಮೇಲಷ್ಟೇ ಎರಡನೇ ಅಳತೆ. 5 ವೋಲ್ಟ್ ಸಪ್ಲೈಗೆ 47 ಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿದರೆ ಸುಮಾರು 100 ಮಿಲಿಆಂಪ್. ಸ್ವಿಚ್ ಅಷ್ಟು ತಡೆಯುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ. ಈಗ ಕಾಲುಗಳ ಮೇಲೆ 1 ಮಿಲಿವೋಲ್ಟ್ ಅಂದರೆ 10 ಮಿಲಿಓಮ್. ಕರೆಂಟ್‌ನ ದಿಕ್ಕು ತಿರುಗಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆದರೆ, ಬೇರೆ ಬೇರೆ ಲೋಹ ಸೇರುವ ಜಾಗಗಳ ಬಿಸಿಯ ವ್ಯತ್ಯಾಸದಿಂದ ಹುಟ್ಟುವ ಸಣ್ಣ ವೋಲ್ಟೇಜ್ ಲೆಕ್ಕ ಕೆಡಿಸುವುದಿಲ್ಲ. ಕೆಟ್ಟಿದ್ದ ಆ ಎಡಗಡೆಯೇ ಇಲ್ಲಿ ಹದಿನೈದು ಮಿಲಿಓಮ್ ಒಳಗೆ ಬಂತು. ಇದನ್ನೇ ಮೊದಲು ಮಾಡಿದ್ದರೆ ರೋಗವೇ ಕಾಣುತ್ತಿರಲಿಲ್ಲ, ಅಲ್ವಾ?

47 ಕಿಲೋಓಮ್ ಎದುರು 15 ಮಿಲಿಓಮ್ ಆದರೇನು, 1 ಓಮ್ ಆದರೇನು, ಕಿವಿಗೆ ವ್ಯತ್ಯಾಸ ಗೊತ್ತಾಗದು. ನಾನು ನೋಡುವುದು ಅಂಕಿ ನಿಲ್ಲುತ್ತದೆಯೇ ಅಂತ. ನಾಬ್ ತಿರುಗಿಸಿ ಮತ್ತೆ ಅಲ್ಲಿಗೇ ತಂದರೆ ಅಷ್ಟೇ ಬರಬೇಕು.

ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ನಾಬ್ ಚೆನ್ನಾಗಿ ಆಡಿಸಿ, ಒಣಗಲು ಬಿಟ್ಟೆ. ಮರಳುಕಾಗದ ಮಾತ್ರ ಬೇಡ, ಲೇಪನವೇ ಹೋಗುತ್ತದೆ. ಟ್ಯೂನರ್ ಸರಿಹೋಯಿತು. ಟೇಪ್ ಜಾಗದಲ್ಲಿ ಮಾತ್ರ ಅಂಕಿ ಓಡಾಡುತ್ತಲೇ ಇತ್ತು. ಅಲ್ಲಿ ಕಾಂಟ್ಯಾಕ್ಟ್‌ನ ಸ್ಪ್ರಿಂಗ್ ಸಡಿಲವಾಗಿತ್ತು, ಅದಕ್ಕೆ ಕ್ಲೀನರ್ ಮದ್ದಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಚಿನ್ನದ ಲೇಪನದ ಸ್ವಿಚ್ ತಂದೆ. ಕೊಳ್ಳುವಾಗ ಬ್ರೇಕ್ ಬಿಫೋರ್ ಮೇಕ್ (ಹಳೆಯ ಸಂಪರ್ಕ ಬಿಟ್ಟ ಮೇಲೆ ಹೊಸದನ್ನು ಹಿಡಿಯುವ) ಬಗೆಯದ್ದನ್ನೇ ಕೇಳಿ. ಇಲ್ಲದಿದ್ದರೆ ತಿರುಗಿಸುವಾಗ ಎರಡು ಸೋರ್ಸ್‌ಗಳು ಕ್ಷಣಕಾಲ ಒಂದಕ್ಕೊಂದು ಸೇರಿಬಿಡುತ್ತವೆ. ಬೆಸುಗೆ ಹಾಕುವ ಮೊದಲೇ ಹೊಸ ಸ್ವಿಚ್‌ನ ಎಲ್ಲ ಜಾಗಗಳನ್ನೂ ಅದೇ 15 ಮಿಲಿವೋಲ್ಟ್‌ನಲ್ಲಿ ನೋಡಿಕೊಂಡೆ.