ಹಾಸನದ ಡಾಕ್ಟರ ಚೀಟಿ, ಇಂಗ್ಲೆಂಡಿನ ಕೋರ್ಟು

ಹೋದ ತಿಂಗಳು ಊರಿಗೆ ಹೋದಾಗ ಹಾಸನ ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪರಿಚಯದ ಅಮ್ಮ ಒಬ್ಬರು ಸಿಕ್ಕರು. ಇಂಗ್ಲೆಂಡಿನಲ್ಲಿ ಓದುವ ಅವರ ಮಗ ಮಾನಸಿಕ ಕಾಯಿಲೆ ಜೋರಾಗಿದ್ದಾಗ ಯಾರಿಗೋ ಹೊಡೆದು ಕೇಸಾಗಿದೆ. ಅಲ್ಲಿನ ಕೋರ್ಟಿಗೆ ಕೊಡಲೆಂದು ಊರಿನ ಡಾಕ್ಟರ ಚೀಟಿಗಳಿಗೆಲ್ಲ ಒಂದೊಂದಾಗಿ ನೋಟರಿ ಮುದ್ರೆ ಹಾಕಿಸುತ್ತಿದ್ದರು. ನನಗೆ ಸಂಕಟವಾಯಿತು. ತಮ್ಮನ ಕೇಸಲ್ಲಿ ನಾನೂ ಇದನ್ನೇ ಮಾಡಿದ್ದೆ. 80 ಸಾವಿರ ರೂಪಾಯಿ, ಆರು ವಾರ ಹೋಯಿತು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಜೈಲಿನ ಬದಲು ಆಸ್ಪತ್ರೆಗೆ ಕಳಿಸುವುದು 1983ರ ಮೆಂಟಲ್ ಹೆಲ್ತ್ ಆಕ್ಟ್‌ನ ಸೆಕ್ಷನ್ 37. ಅದಕ್ಕೆ ಇಬ್ಬರು ಡಾಕ್ಟರ ಸಾಕ್ಷ್ಯ ಬೇಕೇ ಬೇಕು. ಇಬ್ಬರೂ ಇಲ್ಲಿ, ಅಂದರೆ ಬ್ರಿಟನ್ನಿನಲ್ಲಿ, ರಿಜಿಸ್ಟರ್ ಆದವರು, ಒಬ್ಬರಾದರೂ ಮಾನಸಿಕ ಕಾಯಿಲೆಯಲ್ಲಿ ಪರಿಣತರೆಂದು ಸೆಕ್ಷನ್ 12ರ ಮಾನ್ಯತೆ ಇರುವವರು. ಊರಿನ ಡಾಕ್ಟರು ನಿಮ್ಹಾನ್ಸ್‌ನವರೇ ಆಗಲಿ, ಇಲ್ಲಿ ರಿಜಿಸ್ಟರ್ ಇಲ್ಲದಿದ್ದರೆ ಆ ಇಬ್ಬರ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡು ಕೊಟ್ಟು ಸೈಕಾಲಜಿಸ್ಟ್ ಹತ್ತಿರ ಬರೆಸಿದ ವರದಿಯೂ ಬರುವುದಿಲ್ಲ, ಅವರು ಡಾಕ್ಟರಲ್ಲವಲ್ಲ. ಮುದ್ರೆ ಎಷ್ಟು ಹಾಕಿಸಿದರೂ ಅಷ್ಟೇ.

ಹಾಗಂತ ಚೀಟಿ ಎಸೆಯಬೇಡಿ! ಇಲ್ಲಿನ ಡಾಕ್ಟರಿಗೆ ಹಳೆಯ ಕಥೆ ಬೇಕು: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗ ನಿಲ್ಲಿಸಿದ. ಆ ಅಮ್ಮನ ಜೊತೆ ಅಂಗಡಿಯ ಸ್ಟೂಲ್ ಮೇಲೆ ಕೂತು ಒಂದು ಹಾಳೆಯಲ್ಲಿ ಇಷ್ಟನ್ನೇ ಬರೆದೆವು. ಫೋಟೋ ತೆಗೆದು ಅವತ್ತೇ ಮಗನ ವಕೀಲರಿಗೆ ಕಳಿಸಿದೆವು. ಖರ್ಚಾಗಿದ್ದು ಒಂದು ಹಾಳೆ.

ಇನ್ನೊಂದು, ಬೆಡ್ಡು. ವರದಿ ಎರಡೂ ಇದ್ದರೂ ಸಾಲದು. ಆದೇಶವಾದ 28 ದಿನದೊಳಗೆ ಸೇರಿಸಿಕೊಳ್ಳುತ್ತೇವೆ ಎಂದು ಆಸ್ಪತ್ರೆ ಕಡೆಯವರೂ ಕೋರ್ಟಿಗೆ ಹೇಳಬೇಕು. ಬೆಡ್ ಸಿಕ್ಕಿದೆಯಾ ಅಂತ ವಕೀಲರನ್ನು ಕೇಳುತ್ತಲೇ ಇರಿ. ಈ ನಿಯಮ ನನಗೆ ನಮ್ಮ ಪದ್ಧತಿಗಿಂತ ಇಷ್ಟ, ಜಾಗ ನೋಡಿಕೊಂಡೇ ಕಳಿಸುತ್ತಾರೆ. ಮನೆಯವರ ಮಾತು ಕೇಳುವುದರಲ್ಲಿ ಮಾತ್ರ ನಮ್ಮೂರೇ ವಾಸಿ.

ದೊಡ್ಡ ಕ್ರಿಮಿನಲ್ ಕೇಸು ನೋಡುವ ಕ್ರೌನ್ ಕೋರ್ಟ್, ಬಿಡುಗಡೆಗೆ ಕಟ್ಟುಪಾಡು ಹಾಕುವ ಸೆಕ್ಷನ್ 41 ಸೇರಿಸುವ ಮಾತು ಬಂದರೆ ಎಚ್ಚರ. ಆಗ ಇಬ್ಬರಲ್ಲಿ ಒಬ್ಬ ಡಾಕ್ಟರು ಕೋರ್ಟಿಗೆ ಬಂದು ಬಾಯಲ್ಲೇ ಹೇಳಬೇಕು. ಆಮೇಲೆ ಆಸ್ಪತ್ರೆಯಿಂದ ರಜೆ ಮೇಲೆ ಹೊರಗೆ ಬಿಡಲೂ ನ್ಯಾಯ ಮಂತ್ರಿಯ ಒಪ್ಪಿಗೆ ಬೇಕು. ಬರೀ 37 ಇದ್ದರೂ "ನಾವೇ ನೋಡ್ಕೋತೀವಿ" ಅಂತ ಬರೆದುಕೊಟ್ಟು ಮನೆಗೆ ಕರೆತರಲು ಆಗುವುದಿಲ್ಲ. ಮೊದಲ ಆರು ತಿಂಗಳು ಬಿಡುಗಡೆ ಕೇಳಿ, ಇಂಥ ಕೇಸು ನೋಡುವ ಟ್ರಿಬ್ಯುನಲ್‌ಗೂ ಅರ್ಜಿ ಹಾಕುವ ಹಾಗಿಲ್ಲ. ಊರಿಗೆ ಟಿಕೆಟ್ ಮಾತ್ರ ಈಗಲೇ ಬುಕ್ ಮಾಡಬೇಡಿ.