ಹಳೇ ಗೇಮ್ ಆಡಲು ಹ್ಯಾಂಡ್‌ಹೆಲ್ಡ್ ಕೊಳ್ಳುವ ಮುನ್ನ ಪರದೆ ಅಳೆದು ನೋಡಿ

ಹಳೇ ಕನ್ಸೋಲುಗಳ (ಗೇಮ್ ಯಂತ್ರಗಳ) ಆಟ ಆಡಲೆಂದು ಕೈಯಲ್ಲಿ ಹಿಡಿಯುವ ಸೆಟ್, ಅಂದರೆ ಹ್ಯಾಂಡ್‌ಹೆಲ್ಡ್, ಕೊಳ್ಳುವಾಗ ಡಬ್ಬಿಯ ಮೇಲೆ 'ಹತ್ತು ಸಾವಿರ ಗೇಮ್' ಎಂದಿದ್ದರೆ ಮರುಳಾಗಬೇಡಿ. ಒಂದೇ ಗೇಮ್ ನಾಲ್ಕಾರು ಹೆಸರಲ್ಲಿ ಇರುತ್ತದೆ. ತುಂಬಿಟ್ಟವು ಸಾಮಾನ್ಯವಾಗಿ ಹಕ್ಕುದಾರರ ಅನುಮತಿಯಿಲ್ಲದ ನಕಲುಗಳು. ನೀವು ಹೆಚ್ಚಾಗಿ ಆಡುವುದು ಯಾವ ಕನ್ಸೋಲಿನ ಗೇಮ್ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಪರದೆಯ ಆಕಾರ ಅದರಿಂದಲೇ ಗೊತ್ತಾಗುತ್ತದೆ. ಪರದೆ ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಟೀವಿಗೆ ಸಿಕ್ಕಿಸಿ ಆಡುತ್ತಿದ್ದ 'ಕ್ಯಾಸೆಟ್' ಕಾಲದ ಮಾರಿಯೋ, ಕಾಂಟ್ರಾ ಅಷ್ಟೇ ಸಾಕು ಎನ್ನುವವರಿಗೆ ಅಂಗಡಿಯ '400 ಇನ್ 1' ಸೆಟ್ಟೂ ನಡೆದೀತು. ಹಳೇ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿಯೇ ಅದಕ್ಕೂ ಬರುವುದರಿಂದ ಬದಲಾಯಿಸುವುದು ಸುಲಭ. ಆದರೆ ಹೊಸ ಗೇಮ್ ಹಾಕಲಾಗದು, ಆಟವನ್ನು ಅರ್ಧಕ್ಕೆ ಸೇವ್ ಮಾಡಲೂ ಆಗದು.

ಇನ್ನು ಲೆಕ್ಕಕ್ಕೆ ಬರೋಣ. ಗೇಮ್ ಬಾಯ್ ಚಿತ್ರ 160×144 ಪಿಕ್ಸೆಲ್, ಗೇಮ್ ಬಾಯ್ ಅಡ್ವಾನ್ಸ್ 240×160, ಪ್ಲೇಸ್ಟೇಷನ್ 1ರ ಬಹುಪಾಲು ಗೇಮ್‌ಗಳು ಸುಮಾರು 320×240, ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿ 480×272. ಈಗಿನ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಬಳಗದ ಪರದೆ 3.5 ಇಂಚು, 640×480. ಪ್ಲೇಸ್ಟೇಷನ್ ಚಿತ್ರ ಅದರಲ್ಲಿ ಸರಿಯಾಗಿ ಎರಡು ಪಟ್ಟಾಗಿ ಕೂರುತ್ತದೆ. ಗೇಮ್ ಬಾಯ್ ಅಡ್ವಾನ್ಸ್ ಹಾಗಲ್ಲ. ಎರಡು ಪಟ್ಟು ಮಾಡಿದರೆ 480×320, ನಾಲ್ಕೂ ಕಡೆ ಕಪ್ಪು ಅಂಚು. ಅಗಲ ತುಂಬುವಷ್ಟು ಹಿಗ್ಗಿಸಿದರೆ 2.67 ಪಟ್ಟು, ಒಂದು ಪಿಕ್ಸೆಲ್ ಎರಡರಷ್ಟು, ಪಕ್ಕದ್ದು ಮೂರರಷ್ಟು ಅಗಲವಾಗಿ, ಚಿತ್ರ ಸರಿಯುವಾಗ ಗೆರೆಗಳು ಮಿನುಗಿ ಕಣ್ಣಿಗೆ ಕಿರಿಕಿರಿ. ಆನ್‌ಬರ್ನಿಕ್‌ನದೇ ಆರ್‌ಜಿ34ಎಕ್ಸ್‌ಎಕ್ಸ್ ಪರದೆ 720×480, ಅಂದರೆ ಗೇಮ್ ಬಾಯ್ ಅಡ್ವಾನ್ಸ್ ಚಿತ್ರದ ಪಕ್ಕಾ ಮೂರು ಪಟ್ಟು. ಅದರಲ್ಲಿ ಚಿತ್ರ ದೊಡ್ಡದಾಗುತ್ತದೆ ಎಂದೇನಲ್ಲ, 3.5 ಇಂಚಿನಲ್ಲಿ ಹಿಗ್ಗಿಸಿದಷ್ಟೇ ಅಳತೆ. ಅಚ್ಚುಕಟ್ಟು ಮಾತ್ರ ಬೇರೆ. ಬದಲಿಗೆ ಪ್ಲೇಸ್ಟೇಷನ್ ಚಿತ್ರ ಅಲ್ಲಿ 3.1 ಇಂಚಿಗೆ ಇಳಿಯುತ್ತದೆ. ಹಳೇ ಗೇಮ್ ಓಡಿಸುವ ರೆಟ್ರೋಆರ್ಚ್ ತಂತ್ರಾಂಶದಲ್ಲಿ ಸೆಟ್ಟಿಂಗ್ಸ್, ವಿಡಿಯೋ, ಸ್ಕೇಲಿಂಗ್ ಒಳಗಿನ 'ಇಂಟೀಜರ್ ಸ್ಕೇಲ್' ಆನ್ ಮಾಡಿದರೆ ಪೂರ್ಣ ಪಟ್ಟು ಮಾತ್ರ ಹಿಗ್ಗುತ್ತದೆ.

ಪಿಎಸ್‌ಪಿಗೆ ಅಗಲ ಪರದೆ ಬೇಕು. ಟ್ರಿಮ್‌ಯುಐ ಸ್ಮಾರ್ಟ್ ಪ್ರೋ 1280×720, ಸುಮಾರು 5 ಇಂಚು. ಹಗುರ ಗೇಮ್‌ಗಳು ಚೆನ್ನಾಗಿ ಓಡುತ್ತವೆ. ಗಾಡ್ ಆಫ್ ವಾರ್‌ನಂಥ ಭಾರಿ ಗೇಮ್ ಕುಂಟುತ್ತದೆ.

ಚಿಪ್ ವಿಚಾರಕ್ಕೆ ತಲೆ ಕೆಡಿಸಿಕೊಳ್ಳುವುದು ಪ್ಲೇಸ್ಟೇಷನ್ 1 ದಾಟಿದ ಮೇಲೆ. ಬರೀ 128 ಎಂಬಿ ರ‍್ಯಾಮಿನ ಮಿಯೂ ಮಿನಿ ಪ್ಲಸ್ ಅಲ್ಲಿಯವರೆಗೆ ಸಲೀಸು. ಅದಕ್ಕೆ ಅನಲಾಗ್ ಸ್ಟಿಕ್ (ಹೆಬ್ಬೆರಳಿಂದ ಎಲ್ಲ ದಿಕ್ಕಿಗೂ ವಾಲಿಸುವ ಕಡ್ಡಿ) ಇಲ್ಲ. ಮೊದಲ ಪ್ಲೇಸ್ಟೇಷನ್ ಜೊತೆ ಬಂದ ಕಂಟ್ರೋಲರಿಗೂ ಇರಲಿಲ್ಲವಾದ್ದರಿಂದ ಹೆಚ್ಚಿನ ಗೇಮ್‌ಗಳಿಗೆ ತೊಂದರೆಯಿಲ್ಲ, ಆದರೆ ಏಪ್ ಎಸ್ಕೇಪ್‌ನಂಥವು ಸ್ಟಿಕ್ ಇಲ್ಲದೆ ಆಡಲಾಗದು. ಪಿಎಸ್2, ಗೇಮ್‌ಕ್ಯೂಬ್ ಬೇಕೆಂದರೆ ರೆಟ್ರಾಯ್ಡ್ ಪಾಕೆಟ್ 5ರಂಥ, ಸ್ನಾಪ್‌ಡ್ರಾಗನ್ 865 ಚಿಪ್ಪಿನ ಆಂಡ್ರಾಯ್ಡ್ ಸೆಟ್ ನೋಡಿ. ಕೈ ದೊಡ್ಡದಿದ್ದರೆ ಉದ್ದನೆಯದಕ್ಕಿಂತ ಅಡ್ಡ ಮಾದರಿಯೇ ವಾಸಿ. ಉದ್ದ ಸೆಟ್ಟಿನ ಹಿಂಬದಿ ಗುಂಡಿಗಳಿಗೆ ಬೆರಳು ಮಡಚಿ ನೋಯುತ್ತದೆ.

ಸೆಟ್ ಕೈಗೆ ಬಂದೊಡನೆ ಮಾಡಬೇಕಾದ್ದು ಜೊತೆಗೆ ಬಂದ ಮೆಮೊರಿ ಕಾರ್ಡ್ ಬದಲಿಸುವುದು. ಆ ಅನಾಮಧೇಯ ಕಾರ್ಡು ಯಾವಾಗ ಬೇಕಾದರೂ ಕೈಕೊಟ್ಟು ಸೇವ್‌ಗಳನ್ನೆಲ್ಲ ನುಂಗಬಹುದು. ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಮೇಜ್ (ಇಡೀ ಕಾರ್ಡಿನ ಪ್ರತಿ) ಮಾಡಿಟ್ಟುಕೊಳ್ಳಿ. ಹೆಸರಾಂತ ಕಂಪನಿಯ 64 ಜಿಬಿ ಕಾರ್ಡ್ ತಂದು, ಅಸಲಿಯೋ ನಕಲಿಯೋ ಎಂದು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಲ್ಲಿ ಪರೀಕ್ಷಿಸಿ. ಆಮೇಲೆ ಸೆಟ್ಟಿಗೆ ಒಪ್ಪುವ ಫರ್ಮ್‌ವೇರ್ (ಸೆಟ್ಟನ್ನು ನಡೆಸುವ ತಂತ್ರಾಂಶ) ಹಾಕಿ: ಮಿಯೂಗೆ ಆನಿಯನ್, ಎಚ್700 ಚಿಪ್ಪಿನ ಆನ್‌ಬರ್ನಿಕ್‌ಗಳಿಗೆ ಮ್ಯುಓಎಸ್ ಅಥವಾ 'ನಲ್ಲಿ' (Knulli). ಆನಿಯನ್‌ಗೆ ಕಾರ್ಡ್ ಫ್ಯಾಟ್32 ವಿಧದಲ್ಲಿ ಫಾರ್ಮ್ಯಾಟ್ ಆಗಿರಬೇಕು. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ಮೀರಿದರೆ ಆ ಆಯ್ಕೆ ಸಿಗದಿದ್ದಲ್ಲಿ ರೂಫಸ್ ಎಂಬ ತಂತ್ರಾಂಶ ಬಳಸಿ.

ಪ್ಲೇಸ್ಟೇಷನ್ ಗೇಮಿನಲ್ಲಿ ಹಾಡು ಕೇಳದಿದ್ದರೆ ಡಿಸ್ಕಿನ ನಕಲಾದ ಬಿನ್ ಫೈಲ್ ಜೊತೆ, ಹಾಡು ಎಲ್ಲಿದೆ ಎಂದು ತಿಳಿಸುವ ಕ್ಯೂ ಫೈಲ್ ಇದೆಯೇ ನೋಡಿ. ಎರಡನ್ನೂ ಸೇರಿಸಿ ಸಿಎಚ್‌ಡಿ ಎಂಬ ಒಂದೇ ಕುಗ್ಗಿಸಿದ ಫೈಲ್ ಮಾಡಿಬಿಟ್ಟರೆ ಜಾಗವೂ ಉಳಿತಾಯ.

ಗುಂಡಿಗಳನ್ನು ಹಿಂತಿರುಗಿಸುವ ಅವಧಿಯೊಳಗೇ ಪರೀಕ್ಷಿಸಿ. ಸ್ಟ್ರೀಟ್ ಫೈಟರ್‌ನಲ್ಲಿ ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಗುಂಡಿ) ಎಡಕ್ಕೆ ಒತ್ತಿಹಿಡಿದು ಹೆಬ್ಬೆರಳನ್ನು ತುಸು ಅಲ್ಲಾಡಿಸಿ. ಆಟಗಾರ ತಾನಾಗಿ ಜಿಗಿದರೆ ಮೂಲೆಯ ಒತ್ತು ಅತಿಸೂಕ್ಷ್ಮ ಎಂದರ್ಥ. ಬಿಚ್ಚಲು ಧೈರ್ಯವಿದ್ದರೆ, ಬೋರ್ಡಿನ ಮೇಲಿನ ಸಂಪರ್ಕಬಿಂದುವಿನ ಅಂಚಿಗೆ ತೆಳು ಟೇಪ್ ಅಂಟಿಸಿ ತಾಗುವ ಜಾಗ ಕಿರಿದಾಗಿಸಬಹುದು.

ಚಾರ್ಜ್ ಏರುತ್ತಿಲ್ಲವೆಂದು ಗಾಬರಿಯಾಗುವ ಮೊದಲು ಕೇಬಲ್ ಬದಲಿಸಿ ನೋಡಿ. ಅಗ್ಗದ ಕೆಲವು ಸೆಟ್ಟುಗಳಲ್ಲಿ ಟೈಪ್-ಸಿ ಸಾಕೆಟ್ಟಿಗೆ ಬೇಕಾದ 5.1 ಕಿಲೋಓಮ್ ರೆಸಿಸ್ಟರುಗಳೇ ಇರುವುದಿಲ್ಲ. ಹಾಗಾಗಿ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಫೋನಿನ ಫಾಸ್ಟ್ ಚಾರ್ಜರ್ ವಿದ್ಯುತ್ತನ್ನೇ ಬಿಡುವುದಿಲ್ಲ. ಒಂದು ತುದಿ ಹಳೇ ಅಗಲ ಯುಎಸ್‌ಬಿ ಇರುವ ಕೇಬಲ್, 5 ವೋಲ್ಟಿನ ಮಾಮೂಲಿ ಚಾರ್ಜರ್ ಹಾಕಿದರೆ ಏರುತ್ತದೆ.