ಕಾರ್ ಪಾರ್ಕಿಂಗಿನ ಪಕ್ಕದ ಬಾಗಿಲು ಬದಲಿಸುವುದು: ಜಾಗ ಇಕ್ಕಟ್ಟಾಗಿದ್ದರೆ ಏನು ಮಾಡಬೇಕು

ಬೆಂಗಳೂರಿನ 30×40 ಸೈಟಿನ ಎಷ್ಟೋ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದಿಂದ ಪಕ್ಕದ ಪ್ಯಾಸೇಜಿಗೆ ಒಂದು ಸಣ್ಣ ಬಾಗಿಲು ಇರುತ್ತದೆ. ಸಂಪಿನ ಮೋಟಾರು, ಗ್ಯಾಸ್ ಸಿಲಿಂಡರು, ವಾಷಿಂಗ್ ಮೆಷೀನು ಎಲ್ಲ ಆ ಕಡೆಯೇ. ಮನೆ ಕಟ್ಟುವಾಗ ಮುಂಬಾಗಿಲಿಗೆ ತೇಗ ಹಾಕಿಸಿ, ಇದಕ್ಕೆ ಮಾತ್ರ ಸಿಕ್ಕಿದ ಅಗ್ಗದ ಫ್ಲಶ್ ಡೋರ್ ಹಾಕಿಸಿರುತ್ತಾರೆ. ಕೆಲವು ಮಳೆಗಾಲ ಕಳೆದರೆ ಕೆಳಗಿನ ಅಂಚು ಊದಿ ಪದರ ಬಿಡುತ್ತದೆ, ಫ್ರೇಮಿಗೆ ಗೆದ್ದಲು ಹತ್ತುತ್ತದೆ, ಭುಜ ಕೊಟ್ಟು ತಳ್ಳಿದರೆ ಮಾತ್ರ ಬಾಗಿಲು ಮುಚ್ಚುತ್ತದೆ. ದಿನಕ್ಕೆ ಹತ್ತು ಸಲ ಓಡಾಡುವ ಬಾಗಿಲು ಇದು. ವಯಸ್ಸಾದವರು ಮೋಟಾರು ಹಾಕಲು ಹೋಗುವುದು ಇಲ್ಲಿಂದಲೇ, ಏನಾದರೂ ಬೆಂಕಿ ಗಿಂಕಿ ಅಂದರೆ ಹೊರಗೆ ಓಡುವ ದಾರಿಯೂ ಇದೇ. ಹಾಗಾಗಿ ಚೆನ್ನಾಗಿ ಯೋಚಿಸಿ ಮಾಡಿಸಿ.

ಅಂಗಡಿಗೆ ಹೋಗಿ ಮರವೋ, ಕಬ್ಬಿಣವೋ, ಡಬ್ಲ್ಯುಪಿಸಿಯೋ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಅಂತ ಕೇಳುವುದು ಆಮೇಲೆ. ಬಾಗಿಲು ಯಾವ ಕಡೆ ತೆರೆಯಬೇಕು, ಎಷ್ಟು ಜಾಗ ಬೇಕು ಅನ್ನೋದು ಮೊದಲು ತೀರ್ಮಾನ ಆಗಬೇಕು. ಇಕ್ಕಟ್ಟಿನ ಜಾಗದಲ್ಲಿ ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ.

ಕಾರನ್ನು ದಿನಾ ನಿಲ್ಲಿಸುವ ಹಾಗೇ ನಿಲ್ಲಿಸಿ, ಅಳತೆಗೆ ಅಂತ ಗೋಡೆಗೆ ಒತ್ತಿ ನಿಲ್ಲಿಸಬೇಡಿ. ಹಿಂಜ್ ಇರುವ ಮೂಲೆಯಲ್ಲಿ ಒಂದು ದಾರದ ತುದಿ ಹಿಡಿದು, ಕದದ ಅಗಲದಷ್ಟು ದೂರದಲ್ಲಿ ಸೀಮೆಸುಣ್ಣ ಕಟ್ಟಿ, ನೆಲದ ಮೇಲೆ ಕಾಲು ಸುತ್ತು ಗೀಟು ಎಳೆಯಿರಿ. ಒಳಗೂ ಎಳೆಯಿರಿ, ಹೊರಗೂ ಎಳೆಯಿರಿ. ಆ ಗೀಟಿನೊಳಗೆ ಕಾರಿನ ಕನ್ನಡಿ, ಯುಪಿಎಸ್ ಬ್ಯಾಟರಿ, ಮಳೆನೀರಿನ ಪೈಪು, ಸಂಪಿನ ಮುಚ್ಚಳ ಏನು ಬರುತ್ತದೆ ನೋಡಿ. ಕಾರಿನ ಬಾಗಿಲು ತೆರೆದಿಟ್ಟೂ ಒಮ್ಮೆ ನೋಡಿ. ಮುಂದೆ ದೊಡ್ಡ ಕಾರು ತಗೊಳ್ಳುವ ಯೋಚನೆ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ: ವ್ಯಾಗನ್‌ಆರ್ ಅಗಲ 1620 ಮಿ.ಮೀ., ಕ್ರೆಟಾ 1790 ಮಿ.ಮೀ. ಹತ್ತಿರ ಹತ್ತಿರ ಏಳು ಇಂಚು ವ್ಯತ್ಯಾಸ, ಅದೂ ಕನ್ನಡಿ ಬಿಟ್ಟು. ಇವತ್ತು ಸಲೀಸಾಗಿ ತೆರೆಯುವ ಬಾಗಿಲು ಆವತ್ತು ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಅಳತೆಯನ್ನು ತುಂಬಾ ಜನ ಮರೆಯುತ್ತಾರೆ. ಬಾಗಿಲು 30 ಇಂಚು ಅಂದರೆ ಓಡಾಡಲು 30 ಇಂಚು ಸಿಗುವುದಿಲ್ಲ. 90 ಡಿಗ್ರಿ ಮಾತ್ರ ತೆರೆದರೆ ಕದದ ದಪ್ಪವೇ ಒಂದೂವರೆ ಇಂಚು ತಿನ್ನುತ್ತದೆ, ಹಿಡಿ ಇನ್ನಷ್ಟು ತಿನ್ನುತ್ತದೆ. ವಾಷಿಂಗ್ ಮೆಷೀನ್ ಅಗಲ ಸುಮಾರು 60 ಸೆಂ.ಮೀ., ಸ್ಕೂಟರ್ ಹ್ಯಾಂಡಲ್ ಹೆಚ್ಚುಕಡಿಮೆ 70 ಸೆಂ.ಮೀ. ನಿಮ್ಮ ಬಾಗಿಲಿನಲ್ಲಿ ಯಾವುದು ಹಾಯಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಈಗ ಯಾವ ಕಡೆ ತೆರೆಯಬೇಕು ಅನ್ನೋದು. ಒಳಗೆ ಕಾರು ಇದ್ದರೆ ಹೊರಗೆ ತೆರೆಯುವುದೇ ಸರಿ ಅನ್ನಿಸುತ್ತದೆ, ಬಹಳ ಸಲ ಅದೇ ಸರಿ ಕೂಡ. ಆದರೆ ಮೂರಡಿ ಪ್ಯಾಸೇಜಿನಲ್ಲಿ ಎರಡೂವರೆ ಅಡಿ ಕದ ತೆರೆದರೆ ಪೂರ್ತಿ ದಾರಿ ಬಂದ್. ಗೋಡೆಗೆ ಪೈಪು ಇದ್ದರೆ ಕದ ಪೂರ್ತಿ ಮಡಚಿಕೊಳ್ಳುವುದೂ ಇಲ್ಲ. ಹಿಂಜ್ ಹೊರಗೆ ಕಾಣುತ್ತದೆ, ಪಿನ್ನು ಹೊಡೆದು ತೆಗೆದರೆ ಬೀಗ ಹಾಕಿಯೂ ಪ್ರಯೋಜನವಿಲ್ಲ, ಅದಕ್ಕೆ ಪಿನ್ನಿನ ತುದಿಗೆ ವೆಲ್ಡಿಂಗ್ ಚುಕ್ಕೆ ಇಡಿಸಲೇಬೇಕು. ಮೇಲೆ ಸಜ್ಜಾ ಇಲ್ಲದಿದ್ದರೆ ಮಳೆ ನೇರ ಕದದ ತಲೆಯ ಮೇಲೇ ಬೀಳುತ್ತದೆ.

ನಾನು ಯಾರು ಕೇಳಿದರೂ ಮೊದಲು ಹೇಳುವುದು ಜೋಡಿ ಕದ, ಅದೂ ಸಮ ಅಲ್ಲದ ಜೋಡಿ. 36 ಇಂಚಿನ ತೆರಪಿದ್ದರೆ ಒಂದು ಕದ 24, ಇನ್ನೊಂದು 12. ದಿನದ ಓಡಾಟಕ್ಕೆ ದೊಡ್ಡದು ಸಾಕು, ಫ್ರಿಜ್ಜೋ ಸ್ಕೂಟರೋ ಬಂದ ದಿನ ಚಿಕ್ಕದನ್ನೂ ತೆರೆಯಿರಿ. ಕದ ಸುತ್ತುವ ಜಾಗ ಮೂರಡಿಯಿಂದ ಎರಡಡಿಗೆ ಇಳಿಯುತ್ತದೆ, ಇಕ್ಕಟ್ಟಿನಲ್ಲಿ ಆ ಒಂದಡಿ ದೊಡ್ಡದು. ಹಳೆ ಊರಮನೆಗಳಲ್ಲಿ ಜೋಡಿ ಕದ ಸಾಮಾನ್ಯ, ನಾವು ಸುಮ್ನೆ ಬಿಟ್ಟುಬಿಟ್ಟಿದ್ದೇವೆ. ಚಿಕ್ಕ ಕದಕ್ಕೆ ಮೇಲೂ ಕೆಳಗೂ ಟವರ್ ಬೋಲ್ಟ್ ಹಾಕಿಸಿ. ಎರಡೂ ಸೇರುವ ಕಡೆ ಸಂದಿ ಮುಚ್ಚುವ ಪಟ್ಟಿ ದೊಡ್ಡ ಕದಕ್ಕೇ ಇರಲಿ.

ಸ್ಲೈಡಿಂಗ್ ಬಾಗಿಲು ಕೇಳಲು ಚೆಂದ. ಆದರೆ ಬಾಗಿಲಿನ ಪಕ್ಕ ಅಷ್ಟೇ ಅಗಲದ ಖಾಲಿ ಗೋಡೆ ಬೇಕು, ಅಲ್ಲಿ ಸಾಮಾನ್ಯವಾಗಿ ಮೀಟರ್ ಬೋರ್ಡೇ ಇರುತ್ತದೆ, ಅಲ್ವಾ? ಗೋಡೆ ಖಾಲಿ ಇದ್ದರೆ ಮೇಲಿನಿಂದ ನೇತಾಡುವ ಟ್ರ್ಯಾಕ್ ಹಾಕಿಸಿ, ನೆಲದ ಟ್ರ್ಯಾಕ್‌ನಲ್ಲಿ ಮಣ್ಣು ತುಂಬುತ್ತದೆ. ಮಡಚುವ ಬಾಗಿಲು ಈ ಜಾಗಕ್ಕೆ ಬೇಡ, ಭದ್ರತೆ ಕಮ್ಮಿ.

ವಸ್ತುವಿನ ವಿಷಯಕ್ಕೆ ಬಂದರೆ, ಜೋಡಿ ಕದಕ್ಕೆ ಕಬ್ಬಿಣದ ಟ್ಯೂಬ್ ಚೌಕಟ್ಟಿಗೆ 18 ಗೇಜ್ ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ನನ್ನ ಆಯ್ಕೆ. ತೆಳ್ಳಗೆ ಬರುತ್ತದೆ, ಗೆದ್ದಲಿಲ್ಲ. ಮರವೇ ಬೇಕು ಅಂದರೆ ಬಿಡಬ್ಲ್ಯುಪಿ ಗ್ರೇಡ್ ಫ್ಲಶ್ ಡೋರ್ ಕೇಳಿ, ಅಂದರೆ ಕುದಿಯುವ ನೀರಿಗೂ ಬಿಡದ ಅಂಟು. ಆದರೂ ಆರೂ ಮುಖಕ್ಕೆ ಪೇಂಟ್ ಬೀಳಬೇಕು. ಕದದ ತಲೆ ಮತ್ತು ತಳ ಕಣ್ಣಿಗೆ ಕಾಣುವುದಿಲ್ಲ ಅಂತ ಪೇಂಟರ್ ಬಿಟ್ಟುಬಿಡುತ್ತಾರೆ, ನೀರು ನುಗ್ಗುವುದೇ ಅಲ್ಲಿಂದ. ಕೂರಿಸುವ ಮೊದಲೇ ಬಳಿಸಿಬಿಡಿ.

ಹಳೆ ಫ್ರೇಮು ಗಟ್ಟಿಯಿದ್ದರೆ ಕೀಳಬೇಡಿ, ಕದ ಮಾತ್ರ ಬದಲಿಸಿ. ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ, ತಳದಲ್ಲಿ ಮೆತ್ತಗೆ ಒಳಗೆ ಹೋದರೆ ಫ್ರೇಮು ಹೋಗಿದೆ ಅಂತಲೇ ಅರ್ಥ. ಹಳೆ ಫ್ರೇಮಿನೊಳಗೆ ಹೊಸ ಕಬ್ಬಿಣದ ಫ್ರೇಮು ತುರುಕುವ ಸಲಹೆ ಕೊಡುವವರಿದ್ದಾರೆ. ಎರಡೂ ಕಡೆ ಒಂದೂವರೆ ಇಂಚು ಹೋಯಿತು ಅಂದರೆ ಮೂರಿಂಚು ದಾರಿ ಹೋದ ಹಾಗೆ, ಇಂಥ ಜಾಗದಲ್ಲಿ ಅದು ಸಲ್ಲದು.

ಕೀಳುವುದಾದರೆ ಮೊದಲು ಹತ್ತಿರದ ಸ್ವಿಚ್ಚಿನ ಎಂಸಿಬಿ ಆಫ್ ಮಾಡಿ, ಕಾರು ಹೊರಗೆ ತೆಗೆಯಿರಿ. ಕದದ ಕೆಳಗೆ ಎರಡು ಬೆಣೆ ಕೊಟ್ಟು ಕೆಳಗಿನ ಹಿಂಜ್ ಮೊದಲು, ಮೇಲಿನದು ಕೊನೆಗೆ ಬಿಚ್ಚಿ. ಆಮೇಲೆ ಫ್ರೇಮಿನ ಸುತ್ತ ಪ್ಲಾಸ್ಟರನ್ನು ಗ್ರೈಂಡರಿನಲ್ಲಿ ಗೀರಿ. ಇದನ್ನು ಮಾಡದೆ ಸುತ್ತಿಗೆ ಹಾಕಿದರೆ ನಾಲ್ಕಿಂಚಿನ ಗೋಡೆ ಬಿರುಕು ಬಿಡುತ್ತದೆ. ನಿಲುವು ಪಟ್ಟಿಯನ್ನು ನಡುವೆ ಓರೆಯಾಗಿ ಕೊಯ್ದರೆ ಎರಡು ತುಂಡಾಗಿ ಒಳಕ್ಕೆ ಬರುತ್ತದೆ, ಗೋಡೆಯಲ್ಲಿ ಉಳಿದ ಹೋಲ್ಡ್ ಫಾಸ್ಟ್ (ಫ್ರೇಮನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಕೊಯ್ದು ಹಾಕಿ. ಎಲ್ಲಕ್ಕಿಂತ ಮುಖ್ಯ, ಕೀಳಲು ಶುರು ಮಾಡುವ ಮೊದಲೇ ಮೇಲೆ ಲಿಂಟಲ್ (ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ) ಇದೆಯೇ, ಅದು ಎರಡೂ ಕಡೆ ಗೋಡೆಯೊಳಗೆ ಆರಿಂಚಾದರೂ ಕೂತಿದೆಯೇ ನೋಡಿ. ಸಣ್ಣ ಬಾಗಿಲು ಅಂತ ಕೆಲವು ಕಡೆ ಫ್ರೇಮಿನ ಮೇಲೇ ಇಟ್ಟಿಗೆ ಕಟ್ಟಿರುತ್ತಾರೆ. ಹಾಗಿದ್ದರೆ ಕೈ ಹಾಕಬೇಡಿ, ಮೇಸ್ತ್ರಿ ಬಂದು ಆನಿಕೆ ಕೊಡಲಿ.

ಹೊಸ ಫ್ರೇಮು ಬರುವ ದಾರಿಯನ್ನೂ ನೋಡಬೇಕು. ಏಳಡಿಯ ವೆಲ್ಡ್ ಮಾಡಿದ ಫ್ರೇಮು ಮೂರಡಿ ಪ್ಯಾಸೇಜಿನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಅಳತೆಗೆ ಪಿವಿಸಿ ಪೈಪು ಚೌಕ ಕಟ್ಟಿ ಮೊದಲು ಹೊತ್ತು ನೋಡಿ. ಹಾಯದಿದ್ದರೆ ಬಿಡಿ ಬಿಡಿಯಾಗಿ ತರಿಸಿ ಅಲ್ಲೇ ಜೋಡಿಸಲು ಹೇಳಿ.

ಕೂರಿಸುವಾಗ ತೂಗುಗುಂಡು ಬಿಟ್ಟು ಎರಡೂ ನಿಲುವು ನೋಡಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬರಬೇಕು. ಗಾರೆ ತುಂಬುವಾಗ ಫ್ರೇಮು ಹೊಟ್ಟೆ ಒಳಗೆಳೆದುಕೊಳ್ಳದಂತೆ ನಡುವೆ ಒಂದು ಅಡ್ಡಪಟ್ಟಿ ಇರಲಿ. ಒಂದೊಂದು ಕಡೆ ಮೂರು ಹಿಡಿತ ಬೇಕು. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ, ಆ ಜಾಗ ಒಡೆದು ಕಾಂಕ್ರೀಟ್ ತುಂಬಿಸಿ. ಒಂದು ವಾರ ನೀರು ಹಾಕಿ, ಆಮೇಲೆ ಕದ ತೂಗಿಸಿ. ಅವಸರ ಮಾಡಿದರೆ ಕದದ ಭಾರಕ್ಕೆ ಹೋಲ್ಡ್ ಫಾಸ್ಟ್ ಸಡಿಲವಾಗುತ್ತದೆ.

ಪಕ್ಕ ಮತ್ತು ಮೇಲೆ 3 ಮಿ.ಮೀ. ಸಂದಿ, ಕೆಳಗೆ 8ರಿಂದ 10. ಕದ ಒಳಗೆ ತೆರೆಯುವುದಾದರೆ ನೆಲದ ಇಳಿಜಾರು ರಸಮಟ್ಟದಲ್ಲಿ ನೋಡಿ, ಒಳಗೆ ನೆಲ ಏರಿದ್ದರೆ ಕದ ಅರ್ಧದಲ್ಲೇ ತಗಲುತ್ತದೆ. ಕಾರಿನ ಕಡೆ ತಿರುಗುವ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ಉಬ್ಬಿದ ಹಿಡಿಯ ಬದಲು ಗುಳಿಯೊಳಗೆ ಕೂರುವ ಹಿಡಿ ಹಾಕಿಸಿ. ನೆಲದ ಸ್ಟಾಪರ್ ಟೈರಿಗೆ, ಕಾಲಿಗೆ ಎರಡಕ್ಕೂ ಕಂಟಕ, ಸಣ್ಣ ಚೈನೇ ಸಾಕು.

ಒಳಗೆ ಇನ್ವರ್ಟರ್ ಬ್ಯಾಟರಿ ಇದ್ದರೆ ಕದದ ಮೇಲ್ಭಾಗದಲ್ಲಿ ಜಾಲರಿ ಬಿಡಿಸಿ, ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಹಗುರ, ಮೇಲೇ ಸೇರುತ್ತದೆ. ಅಡುಗೆ ಅನಿಲ ಇದಕ್ಕೆ ತದ್ವಿರುದ್ಧ, ಗಾಳಿಗಿಂತ ಭಾರ. ಸಿಲಿಂಡರು ಬಾಗಿಲ ಪಕ್ಕದಲ್ಲೇ ಇದ್ದು ಸೋರಿದರೆ ಕೆಳಗಿನ ಸಂದಿಯಿಂದ ಒಳಗೆ ಬಂದು ಕಾರಿನಡಿಯಲ್ಲೇ ನಿಲ್ಲುತ್ತದೆ. ಕೆಲಸ ಶುರುವಾಗುವ ಮೊದಲೇ ಅದನ್ನು ಬಾಗಿಲಿನಿಂದ ದೂರಕ್ಕೆ, ಗಾಳಿಯಾಡುವ ಕಡೆಗೆ ಸರಿಸಿಬಿಡಿ. ವೆಲ್ಡಿಂಗ್, ಗ್ರೈಂಡಿಂಗ್ ಮುಗಿಯುವವರೆಗಂತೂ ಅದು ಹತ್ತಿರ ಇರಲೇಬಾರದು.